ಸಾರೆಯ ಹಲಗೆಗಳು

ನನ್ನ ಗಂಡನಾಗಿದ್ದ ನರೇಶ್, ಸ್ಕ್ರೂವನ್ನು ಸುತ್ತಿಗೆಯಲ್ಲಿ ಹೊಡೆಯುವ ಗಂಡಸು. ಅವನ ಬಗ್ಗೆ ಇಷ್ಟು ಹೇಳಿದರೆ ಸಾಕು. ಆದರೂ ಪೂರ್ತಿ ಹೇಳುತ್ತೇನೆ, ಯಾಕೆಂದರೆ ನನಗಿನ್ನೂ ಸಿಟ್ಟು ಇಳಿದಿಲ್ಲ.

ನಮ್ಮ ಕಡೆ ಮದುವೆಯಾಗಿ ಹೋಗುವ ಹುಡುಗಿಯ ಜೊತೆ ತವರಿನವರು ಸಾರೆ ಕಳಿಸುತ್ತಾರೆ. ಮಂಚ, ಹಾಸಿಗೆ, ಬೀರು, ಸ್ಟೀಲ್ ಪಾತ್ರೆ, ಕೈಲಾದವರು ವಾಷಿಂಗ್ ಮೆಷಿನ್ನು. ಟೆಂಪೋ ಬಂದು ನಿಂತರೆ ಬೀದಿಯ ಹೆಂಗಸರೆಲ್ಲ ಹೊರಗೆ ಬಂದು ಏನೇನು ಇಳಿಯುತ್ತದೆ ಎಂದು ನೋಡುತ್ತಾರೆ. ಇದರಲ್ಲಿ ಹುಡುಗಿಯನ್ನು ಯಾರೂ ಏನೂ ಕೇಳುವುದಿಲ್ಲ. ನಾನು ಮಾತ್ರ ಅಪ್ಪನ ಹತ್ತಿರ ಬಾಯಿಬಿಟ್ಟು ಕೇಳಿದ್ದೆ: ಗೋಡೆಗೆ ಹಾಕುವ ಶೆಲ್ಫು ಬೇಕು. ರಾಯಲ್ಪಾಡಿನ ಪಕ್ಕದ ಹಳ್ಳಿಯ ನಮ್ಮ ಮನೆಯಲ್ಲಿ ಜನ ಹೆಚ್ಚು, ಜಾಗ ಕಡಿಮೆ. ನನ್ನ ಬಾಚಣಿಗೆ ಇವತ್ತು ಇಟ್ಟ ಕಡೆ ನಾಳೆ ಸಿಗುತ್ತಿರಲಿಲ್ಲ. ಹೋದ ಮನೆಯಲ್ಲಾದರೂ ನಾನು ಇಟ್ಟದ್ದು ಇಟ್ಟಲ್ಲೇ ಇರಲಿ ಎಂಬುದು ನನ್ನ ಆಸೆ.

ಅಪ್ಪ ಹೊಲದ ಬದುವಿನ ಬೇವಿನ ಮರ ಕಡಿಸಿದರು. ಊರಿನ ತಾಜ್ ಪಾಷಾ ಹಲಗೆ ಕೊಯ್ದು, ನಯ ಮಾಡಿ, ಅಂಚು ದುಂಡಗೆ ಉಜ್ಜಿ, ಹಲಗೆಗಳ ಕೆಳಗೆ ಆಸರೆ ಕೊಡಲು ಕಬ್ಬಿಣದ ಕೈಗಳನ್ನೂ ಮಾಡಿಸಿಕೊಟ್ಟರು. ಬೇವಿಗೆ ಹುಳ ಬೀಳುವುದಿಲ್ಲ. ಶ್ರೀನಿವಾಸಪುರದ ಆ ಮನೆಯ ಮುಂದೆ ಹಲಗೆಗಳು ಇಳಿದಾಗ ಅತ್ತೆ ಶಾಮಲಮ್ಮ ಬೀದಿಗೆಲ್ಲ ಕೇಳುವ ಹಾಗೆ, "ಸಾರೆಗೆ ಯಾರಾದ್ರೂ ಬೇವು ತರ್ತಾರೇನೇ? ಬಂದ ದಿನಾನೇ ಕಹಿ ತಂದ್ಲಲ್ಲ!" ಅಂದರು. ಹೆಂಗಸರೆಲ್ಲ ನಕ್ಕರು. ನಾನೂ ನಗಬೇಕಾಯಿತು. ಹೊಸ ಸೀರೆ ಉಟ್ಟುಕೊಂಡು ನಿಂತವಳು ಇನ್ನೇನು ಮಾಡಲಿ?

ನಡುಮನೆಯ ಗೋಡೆಗೆ ಅವನ್ನು ಹಾಕಿದವನು ನರೇಶ್. ತೂತು ಕೊರೆದು, ಬಿರಡೆ ಹಾಕಿ, ಸ್ಕ್ರೂ ತಿರುಗಿಸಬೇಕು. ಅವನು ಮೊಳೆ ಹೊಡೆದ ಹಾಗೆ ಸುತ್ತಿಗೆಯಲ್ಲಿ ಧಡಧಡ ಹೊಡೆದ. "ರೀ, ಅದು ತಿರುಗಿಸೋದಲ್ವಾ?" ಅಂದೆ. "ನೀನ್ ನಂಗೆ ಹೇಳ್ಕೊಡ್ತೀಯಾ?" ಅಂದ. ಸ್ಕ್ರೂಗಳ ತಲೆ ಚಪ್ಪಟೆಯಾದವು, ಗೋಡೆಯ ಗಾರೆ ಬಿರುಕು ಬಿಟ್ಟಿತು. ಹಲಗೆ ಮಾತ್ರ ನಿಂತವು. ನಿಂತದ್ದಕ್ಕೆ ಅವನು ಎದೆ ಉಬ್ಬಿಸಿಕೊಂಡು ಓಡಾಡಿದ.

ಆಮೇಲೆ ನಾನು ನರಸಾಪುರದ ಫೋನು ಜೋಡಿಸುವ ಫ್ಯಾಕ್ಟರಿಗೆ ಸೇರಿದೆ. ಕಂಪನಿ ಬಸ್ಸು ಬೆಳಕು ಹರಿಯುವ ಮೊದಲೇ ಬರುತ್ತದೆ. ಅಲ್ಲಿ ನನ್ನ ಕೆಲಸವೇ ಸ್ಕ್ರೂ ಹಾಕುವುದು. ಸಾಸಿವೆಗಿಂತ ಸ್ವಲ್ಪ ದಪ್ಪದ ಸ್ಕ್ರೂಗಳು. ಹೆಚ್ಚು ಬಿಗಿದರೆ ಒಡೆಯುತ್ತದೆ, ಕಡಿಮೆ ಬಿಗಿದರೆ ವಾಪಸ್ಸು ಬರುತ್ತದೆ. ನನಗೆ ಆ ಕೆಲಸ ಇಷ್ಟವಾಯಿತು, ನರೇಶನಿಗೆ ಆಗಲಿಲ್ಲ. ಬಸ್ಸಿನಲ್ಲಿ ಯಾರ ಪಕ್ಕ ಕೂತಿದ್ದೆ, ಯಾರ ಜೊತೆ ಊಟ ಮಾಡಿದೆ, ಫೋನು ಯಾಕೆ ಎತ್ತಲಿಲ್ಲ. ಒಂದು ಸಂಜೆ ಇದೇ ಪ್ರಶ್ನೆ ಕೇಳುತ್ತಾ ಕೇಳುತ್ತಾ ಹೊಡೆದ. ಒಂದೇಟಲ್ಲ, ಗೋಡೆಗೆ ಹೊಡೆದ ಹಾಗೇ ಹೊಡೆದ.

ಅತ್ತೆ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. "ಸುಮ್ನಿರು ವಾಣಿ, ಸುಮ್ನಿರು" ಅಂದರು. ಹೊಡೆಯುತ್ತಿದ್ದವನಿಗಲ್ಲ, ಹೊಡೆಸಿಕೊಳ್ಳುತ್ತಿದ್ದ ನನಗೆ! ಆ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಮಾರನೆಯ ದಿನ ಎಂದಿನ ಬಸ್ಸಿಗೆ ಹೋದವಳು ವಾಪಸ್ಸು ಬರಲಿಲ್ಲ. ಕೋಲಾರದಲ್ಲಿ ಜೊತೆಯ ಹುಡುಗಿಯರ ರೂಮು ಸೇರಿದೆ.

ಕೋರ್ಟಿನ ಕೆಲಸ ಕೋರ್ಟಿನಲ್ಲಿ ನಡೆಯಿತು. ಸಾಮಾನಿನ ವಿಷಯಕ್ಕೆ ಹಿರಿಯರು ಕೂತರು. ದೊಡ್ಡ ಹಿರಿಯರು ನರೇಶನ ದೊಡ್ಡಪ್ಪ ಕದಿರೇಶಪ್ಪ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವರು, ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಮಾತಾಡುವುದರಲ್ಲಿ ಹೆಸರು ಮಾಡಿದವರು. ಹಲ್ಲುಕಡ್ಡಿ ಆಡಿಸುತ್ತಾ ತೀರ್ಪು ಕೊಟ್ಟರು: "ನೆಲದ ಮೇಲೆ ನಿಂತಿರೋದು ಹುಡುಗೀದು. ಗೋಡೆಗೆ ಹಿಡಿದಿರೋದು ಮನೇದು. ಸರೇನಾ?"

"ಹಲಗೆ ನಮ್ಮಪ್ಪ ಕಳಿಸಿದ್ದು" ಅಂದೆ.

"ಕಳಿಸಿದ್ದು ನಿಜಾನೇ ಅಮ್ಮಾ. ಕಸಿ ಕಟ್ಟಿದ್ಮೇಲೆ ಕೊಂಬೆ ಯಾರ್ದು? ಮರದ್ದು. ಇನ್ನು ಕೀಳೋಕಾಗುತ್ತಾ?"

ಎಲ್ಲರೂ ತಲೆಯಾಡಿಸಿದರು. ನಮ್ಮ ಕಡೆಯವರೂ ಆಡಿಸಿದರು! ಮಂಚ, ಬೀರು, ಪಾತ್ರೆ ಬಂದವು. ಹಲಗೆಗಳು ಅಲ್ಲೇ ಉಳಿದವು.

ನಾಲ್ಕು ಹಲಗೆಗೆ ಇಷ್ಟು ರಂಪವೇ ಎಂದು ಅಮ್ಮ ಕೇಳಿದಳು. ಹಲಗೆಗಲ್ಲ. ಆ ಮಾತಿಗೆ. ಹೊಡೆದು ಗೋಡೆಗೆ ಸೇರಿಸಿಬಿಟ್ಟರೆ ಅದು ನಮ್ಮದು ಅನ್ನುವ ಆ ಮಾತಿಗೆ. ನನ್ನನ್ನೂ ಅವರು ಹಾಗೇ ಅಂದುಕೊಂಡಿದ್ದರಲ್ಲ! ನಾನು ಕೇಳಿ ತಂದ ಹಲಗೆಯ ಮೇಲೆ ನರೇಶ್ ದಿನಾ ಬೈಕಿನ ಕೀ ಇಡುತ್ತಾನೆ ಅನ್ನುವುದು ನೆನಪಾದರೆ ನಿದ್ದೆ ಬರುತ್ತಿರಲಿಲ್ಲ. ಆ ಮನೆಯಲ್ಲಿ ನನ್ನದೊಂದು ಮೊಳೆಯೂ ಉಳಿಯಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು.

ಒಂದು ದಿನ ಫ್ಯಾಕ್ಟರಿಯಲ್ಲಿ ಯಾರೋ ತಪ್ಪಾಗಿ ಬಿಗಿದಿದ್ದ ಸ್ಕ್ರೂ ಬಿಚ್ಚುತ್ತಿದ್ದಾಗ ಹೊಳೆಯಿತು. ಗೋಡೆಗೆ ಹಿಡಿದಿರೋದು ಮನೇದು. ಒಪ್ಪಿದೆ. ಬಿಚ್ಚಿ ನೆಲದ ಮೇಲೆ ಇಟ್ಟರೆ? ನೆಲದ ಮೇಲಿರುವುದು ಹುಡುಗಿಯದು ಅಂತ ಅವರೇ ಹೇಳಿದ್ದಾರೆ! ನಾನು ಒಬ್ಬಳೇ ನಕ್ಕೆ. ಪಕ್ಕದ ಹುಡುಗಿ ಇವಳಿಗೇನಾಯಿತು ಎಂದು ನೋಡಿದಳು.

ಭಾನುವಾರ ತಮ್ಮ ವೆಂಕಟ್ ತನ್ನ ಟೆಂಪೋ ತಂದ. ಬೆಳಗ್ಗೆ ಮಂಡಿಗೆ ಟೊಮೊಟೊ ಹಾಕಿ ಬಂದಿದ್ದ, ಹಿಂದೆಲ್ಲ ಹುಳಿ ವಾಸನೆ. ಕೊರೆಯುವ ಮೆಷಿನ್ನು, ಹಾರೆಕಡ್ಡಿ, ಇಕ್ಕಳ, ಹೊಸ ಸ್ಕ್ರೂ, ಬಿರಡೆ ಒಂದು ಚೀಲದಲ್ಲಿ ತುಂಬಿಕೊಂಡೆ. ಹೊಸದು ನನ್ನ ಹೊಸ ರೂಮಿನ ಗೋಡೆಗೆ. ಜೊತೆಗೊಂದು ಪುಟ್ಟಿ ಡಬ್ಬವನ್ನೂ ಹಾಕಿಕೊಂಡೆ, ಯಾಕೆಂದರೆ ತೂತು ಬಿಟ್ಟು ಹೋದಳು ಎಂದು ಹೇಳಿಕೊಂಡು ತಿರುಗುವ ಜನ ಅವರು.

"ಅಕ್ಕಾ, ಜಗಳ ಆದ್ರೆ?" ವೆಂಕಟ್ ಕೇಳಿದ.

"ಜಗಳ ಆಗ್ಲಿ ಅಂತಾನೇ ಹೋಗ್ತಿರೋದು ಕಣೋ."

ನರೇಶ್ ನಡುಮನೆಯಲ್ಲಿ ಟಿವಿ ಮುಂದೆ ಬನಿಯನ್ನಿನಲ್ಲಿ ಕೂತಿದ್ದ. ನನ್ನನ್ನು ನೋಡದವನ ಹಾಗೆ, "ಏನ್ಲಾ ವೆಂಕಟ್, ಯಾಕ್ ಬಂದ್ರಿ?" ಅಂದ. ನಾನು ಅವನನ್ನು ದಾಟಿ ಒಳಗೆ ಹೋದೆ. ಗೋಡೆ ನೋಡಿದೆ. ಪಿತ್ತ ನೆತ್ತಿಗೇರಿತು.

ಬೈಕಿನ ಕೀ ಅಲ್ಲ. ನನ್ನ ಹಲಗೆಗಳ ತುಂಬ ಅತ್ತೆಯ ಸಾಮಾನು! ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಜೋಡಿಸಿಟ್ಟಿದ್ದರು. ಬಿಪಿ ಮಾತ್ರೆಯ ಹಾಳೆಗಳು, ದಾರ ಕಟ್ಟಿದ ಕನ್ನಡಕ, ಕುಂಕುಮದ ಭರಣಿ, ಯಾರ್ಯಾರೋ ಮಡಿಲಿಗೆ ಹಾಕಿದ ರವಿಕೆ ಕಣಗಳು, ಅವರ ತಾಯಿಯದೊಂದು ಮಸುಕು ಫೋಟೋ. ಕಹಿ ತಂದಳು ಎಂದವರು ಆ ಕಹಿಯ ಮೇಲೆ ಎಷ್ಟು ಚೆನ್ನಾಗಿ ಸಂಸಾರ ಹೂಡಿದ್ದಾರೆ! ನಾನು ಹೊರಗೆ ಕಾಲಿಡುವುದನ್ನೇ ಕಾಯುತ್ತಿದ್ದರೇನೋ ಅನ್ನಿಸಿತು.

ಅತ್ತೆ ಓಡಿ ಬಂದು ಗೋಡೆಗೆ ಅಡ್ಡ ನಿಂತರು. ತೆಳ್ಳಗಾಗಿದ್ದರು. ನಾನು ಅದನ್ನೂ ನೋಡಲು ಇಷ್ಟಪಡಲಿಲ್ಲ.

"ಮುಟ್ಬೇಡ. ಗೋಡೆಗಿರೋದು ಮನೇದು ಅಂತ ಹಿರೀಕರು ಹೇಳಿಲ್ವಾ?"

"ಹೇಳಿದ್ರು. ಗೋಡೇಲಿ ಇರೋ ತನಕ. ಈಗ ಇಳಿಸ್ತೀನಿ. ಜರುಗಿ ಅತ್ತೆ."

"ನಾನ್ ಜರುಗಲ್ಲ."

"ಹಂಗಾದ್ರೆ ಮೇಲಿಂದ ಶುರು ಮಾಡ್ತೀನಿ, ತಲೆ ಮೇಲೆ ಮಣ್ಣು ಬೀಳುತ್ತೆ."

ನರೇಶ್ ಎದ್ದು ದೊಡ್ಡಪ್ಪನಿಗೆ ಫೋನು ಮಾಡಲು ಹೊರಗೆ ಹೋದ. ಯಾವುದಕ್ಕೂ ಒಬ್ಬ ದೊಡ್ಡಪ್ಪ ಬೇಕು ಅವನಿಗೆ. ನಾನು ಸ್ಟೂಲು ಹತ್ತಿ ಮೇಲಿನ ಹಲಗೆಯ ಸಾಮಾನು ಎತ್ತಿ ಎತ್ತಿ ಅತ್ತೆಯ ಕೈಗೆ ಕೊಟ್ಟೆ. ಬೇಡ ಅನ್ನುತ್ತಲೇ ಇಸ್ಕೊಂಡರು. ಬಿಟ್ಟರೆ ಒಡೆಯುತ್ತದಲ್ಲ.

ಸ್ಕ್ರೂ ಬಿಚ್ಚಲು ಹೋದರೆ ಬರಬೇಕಲ್ಲ! ತಲೆಯ ಗೆರೆಯೇ ಉಳಿದಿಲ್ಲ. ಮೆಷಿನ್ನಿನ ಮೂತಿ ಇಟ್ಟರೆ ಜಾರುತ್ತದೆ, ಒತ್ತಿದರೆ ಕಿರ್ರೆಂದು ಸುಮ್ಮನೆ ತಿರುಗುತ್ತದೆ. ಸರಿಯಾಗಿ ಹಾಕಿದ್ದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತಿತ್ತು. ಒಬ್ಬ ಗಂಡಸಿನ ಒಂದು ದಿನದ ಧಿಮಾಕಿಗೆ ಇವತ್ತು ನಾನು ಬೆವರಬೇಕು. ಇಕ್ಕಳ ಹಾಕಿ ಎಳೆದೆ. ಹಾರೆಕಡ್ಡಿ ತೂರಿಸಿ ಮೀಟಿದೆ. ಗಾರೆ ಹಾಳೆಹಾಳೆಯಾಗಿ ಬಿತ್ತು, ಒಳಗಿನ ಹಳೇ ಇಟ್ಟಿಗೆಯ ಕೆಂಪು ಪುಡಿ ಸುರಿಯಿತು. ಒಂದೊಂದು ಸ್ಕ್ರೂ ಬರುವಾಗಲೂ ನನ್ನ ಬಾಯಲ್ಲಿ ಒಂದೊಂದು ಬೈಗುಳ ಬಂತು. ಅವನ್ನು ಇಲ್ಲಿ ಬರೆಯುವುದಿಲ್ಲ.

ಮೊದಲನೆಯದು ಇಳಿಯಿತು. ಎರಡನೆಯದು ಇಳಿಯುವ ಹೊತ್ತಿಗೆ ನರೇಶ್ ಒಳಗೆ ಬಂದು ಹಲಗೆಯ ತುದಿ ಹಿಡಿದುಕೊಂಡ. "ಗೋಡೆ ಹಾಳ್ಮಾಡ್ತಿದ್ದೀಯಾ. ಇಳಿ ಕೆಳಗೆ!"

ನಾನು ಇಳಿದೆ. ಕೈಯಲ್ಲಿ ಹಾರೆಕಡ್ಡಿ ಇತ್ತು. ನಾನು ಅದನ್ನು ಎತ್ತಲಿಲ್ಲ, ಕೆಳಗೂ ಇಡಲಿಲ್ಲ.

"ಬಿಡು" ಅಂದೆ.

ವೆಂಕಟ್ ಬಂದು ನನ್ನ ಪಕ್ಕ ನಿಂತ. ನರೇಶ್ ನನ್ನ ಕೈ ನೋಡಿದ, ಮುಖ ನೋಡಿದ, ಹಲಗೆ ಬಿಟ್ಟ. ಈ ಮನುಷ್ಯನಿಗೆ ಹೆದರಿಕೊಂಡೇ ಇಷ್ಟು ದಿನ ಇದ್ದೆನಲ್ಲ ಎಂದು ನನ್ನ ಮೇಲೇ ಕೋಪ ಬಂತು.

ಮೂರು ಹಲಗೆ ನೆಲದ ಮೇಲಿದ್ದಾಗ ಕದಿರೇಶಪ್ಪನ ಸ್ಕೂಟರು ಬಂದು ನಿಂತಿತು. ಅವರ ಸದ್ದಿಗೆ ಅತ್ತೆ ಸೆರಗು ತಲೆ ಮೇಲೆಳೆದುಕೊಂಡು ಅಡುಗೆಮನೆ ಬಾಗಿಲ ಹಿಂದೆ ಸರಿದರು. ಅವರು ಅತ್ತೆಗೆ ಭಾವ, ಗಂಡನ ಅಣ್ಣ. ಭಾವನ ಎದುರು ನಿಲ್ಲುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಹಾಗೇ. ಮಾವ ಹೋದ ಮೇಲೂ ಹಾಗೇ.

"ಏನಮ್ಮಾ ಇದು ಅನ್ಯಾಯ?" ಕದಿರೇಶಪ್ಪ ಕುರ್ಚಿಯಲ್ಲಿ ಕೂತರು. "ಹಿರೀಕರ ಮಾತಿಗೆ ಬೆಲೆ ಇಲ್ವಾ?"

"ನಿಮ್ಮ ಮಾತೇ ನಡೆಸ್ತಿದ್ದೀನಿ. ಈ ಹಲಗೆ ಎಲ್ಲಿದೆ ಹೇಳಿ?"

"ಎಲ್ಲಿದೆ ಅಂದ್ರೆ... ನೆಲದ ಮೇಲೆ."

"ನೆಲದ ಮೇಲಿರೋದು ಯಾರ್ದು?"

ಅವರು ಹಲ್ಲುಕಡ್ಡಿ ಈ ಕಡೆಯಿಂದ ಆ ಕಡೆಗೆ ಹಾಕಿದರು. ವೆಂಕಟನಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಕದಿರೇಶಪ್ಪನೂ ಹುಳ್ಳಗೆ ನಕ್ಕು, "ಮಂಡೀಲಿ ಕೂತ್ಕೋಬೇಕಾಗಿತ್ತಮ್ಮ ನೀನು. ಸರೇ, ತಗೊಂಡ್ಹೋಗು. ಆದ್ರೆ ಗೋಡೆ ಮೊದ್ಲು ಹೆಂಗಿತ್ತೋ ಹಂಗೆ ಮಾಡ್ಕೊಟ್ಟು ಹೋಗ್ಬೇಕು. ತೂತೆಲ್ಲ ಮುಚ್ಚು" ಅಂದರು.

"ಮುಚ್ಚೋಕೇ ತಂದಿದ್ದೀನಿ" ಎಂದು ಪುಟ್ಟಿ ಡಬ್ಬ ತೋರಿಸಿದೆ. ಗೆದ್ದೆ ಅನ್ನಿಸಿತು.

ಕೆಳಗಿನ ಹಲಗೆ ಒಂದು ಉಳಿದಿತ್ತು. ಮೇಲಿನದೆಲ್ಲ ಅತ್ತೆ ಅದರ ಮೇಲೇ ಪೇರಿಸಿದ್ದರು. "ಅತ್ತೆ, ಇದನ್ನೂ ಖಾಲಿ ಮಾಡಿ" ಎಂದು ಕೂಗಿದೆ. ಅವರು ಬಾಗಿಲ ಹಿಂದಿನಿಂದ ಬಂದು, ಭಾವನಿಗೆ ಬೆನ್ನು ಮಾಡಿ, ಒಂದೊಂದೇ ಎತ್ತಿ ಸೆರಗಿಗೆ ಹಾಕಿಕೊಂಡರು. ಮಾತ್ರೆ, ಕನ್ನಡಕ, ಭರಣಿ, ಕಣಗಳು. ಫೋಟೋ ಕೈಯಲ್ಲಿ ಹಿಡಿದರು. ಆಮೇಲೆ ಅಲ್ಲೇ ನಿಂತರು.

ನಾನು ಜರುಗಿ ಎಂದೆ. ಜರುಗಿದರು. ಮತ್ತೆ ನಿಂತರು. ಟಿವಿಯ ಕಡೆ ನೋಡಿದರು, ಅಲ್ಲಿ ನರೇಶನ ಹೆಲ್ಮೆಟ್ಟು, ಚಾರ್ಜರು, ಸೆಂಟಿನ ಡಬ್ಬ. ಕಿಟಕಿಯ ಕಡೆ ನೋಡಿದರು, ಅಲ್ಲಿ ಅವನ ಶೂ ಪಾಲಿಶು. ಬೀರು ನಾನು ತಗೊಂಡು ಹೋಗಿದ್ದೆ. ದೇವರ ಗೂಡಿನಲ್ಲಿ ದೇವರಿದ್ದರು. ಸೆರಗು ತುಂಬಿಕೊಂಡು ಅತ್ತೆ ತಮ್ಮ ಮನೆಯ ನಡುವೆ ಇಡಲು ಜಾಗವಿಲ್ಲದೆ ತಿರುಗುತ್ತಿದ್ದರು.

"ಎಲ್ಲಾದ್ರೂ ಇಡಮ್ಮ" ಅಂದ ನರೇಶ್.

"ಎಲ್ಲಿ?"

"ಕವರಲ್ಲಿ ಹಾಕಿ ಅಡುಗೆಮನೆ ಕಿಟಕಿಗೆ ನೇತಾಕು. ಮೊದ್ಲೆಲ್ಲ ಹಂಗೇ ಅಲ್ವಾ ಇಟ್ಕೊಂಡಿದ್ದು?"

ಆ ಕವರು ನನಗೆ ಗೊತ್ತಿತ್ತು. ಬಟ್ಟೆ ಅಂಗಡಿಯ ಹಳದಿ ಕವರು, ಒಗ್ಗರಣೆ ಹೊಗೆಗೆ ಜಿಡ್ಡು ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಆ ಮನೆಯಲ್ಲಿದ್ದಷ್ಟು ದಿನವೂ ಹಳೇ ಮಸಿಬಟ್ಟೆ ತುಂಬಿದ್ದಾರೆ ಎಂದುಕೊಂಡಿದ್ದೆ. ಅದರಲ್ಲಿ ಇದ್ದದ್ದು ಇದೆಲ್ಲ. ಅವರ ತಾಯಿಯ ಫೋಟೋ ಅದರಲ್ಲಿತ್ತು.

ಅವರ ಮೇಲೆ ಕರುಣೆ ಬಂತು ಎಂದರೆ ಸುಳ್ಳಾಗುತ್ತದೆ. ಸಿಟ್ಟೇ ಬಂತು, ಮೊದಲಿಗಿಂತ ಜಾಸ್ತಿ. ಇಷ್ಟು ವರ್ಷ ಒಂದು ಕವರಿನಲ್ಲಿ ಬದುಕಿದವರು ಆ ಸಂಜೆ ನನಗೆ ಸುಮ್ಮನಿರು ಎಂದರಲ್ಲ! ನನ್ನನ್ನೂ ಕವರಿನಲ್ಲಿ ನೇತಾಡಿಸಲು ಹೊರಟಿದ್ದರಾ?

"ಇದೊಂದು ಹಲಗೆ ಬಿಟ್ಟು ಹೋಗ್ತೀನಿ. ಇಟ್ಕೊಳ್ಳಿ" ಅಂದೆ. ಒರಟಾಗಿಯೇ ಅಂದೆ.

ಅತ್ತೆಯ ಮುಖ ಕೆಂಪಾಯಿತು. "ನಿನ್ನ ಸಾರೆ ನಂಗ್ಯಾಕೆ? ನಾನೇನು ಈ ಮನೆಗೆ ಬರಿಗೈಲಿ ಬಂದೋಳಾ? ವೆಂಕಟ್, ಆ ಅಟ್ಟ ಹತ್ತಪ್ಪಾ. ನನ್ನ ಮಂಚ ಬಿಚ್ಚಿ ಹಾಕಿದ್ದಾರೆ ಅಲ್ಲಿ. ತಲೆ ಕಡೆ ಹಲಗೆ ಇಳಿಸು."

"ನಿಮ್ಮ ಮಂಚಾನಾ?" ಅಂದೆ.

"ನಿನ್ನ ಸಾರೆ ಮಂಚ ಇಳಿದ ದಿನ ನಂದು ಮೇಲೆ ಹೋಯ್ತು. ಜಾಗ ಇಲ್ಲ ಅಂದ್ರು. ನೀನು ನಿನ್ನ ಮಂಚ ತಗೊಂಡು ಹೋದೆ. ನಂದನ್ನ ಯಾರು ಇಳಿಸಿದ್ರು? ಇವತ್ತಿಗೂ ಚಾಪೆ ಮೇಲೆ ಮಲಗ್ತೀನಿ, ಕೇಳು ಇವನ್ನ."

ನರೇಶ್ ಕೇಳಿಸದವನ ಹಾಗೆ ಟಿವಿಯ ರಿಮೋಟು ಹುಡುಕಿದ.

ವೆಂಕಟ್ ಹಲಗೆ ಇಳಿಸಿದ. ಹಲಸಿನ ಮರದ್ದು, ಧೂಳು ಒರೆಸಿದರೆ ಅರಿಶಿನ ಬಣ್ಣ, ನಡುವೆ ಎರಡು ಗಿಳಿ ಕೆತ್ತಿದ್ದರು. ಅತ್ತೆ ಖಾಲಿ ಗೋಡೆಯ ನಡುಭಾಗಕ್ಕೆ ಬೆರಳು ಮಾಡಿದರು. "ಪುಟ್ಟಿ ಹಚ್ಚಬೇಡ. ಇಲ್ಲಿ ಕೊರಿ. ಕಬ್ಬಿಣದ ಕೈ ಎರಡು ಕೊಟ್ಟು ಹೋಗು, ಹಲಗೆ ನಂದಿದೆ."

ನನ್ನದೊಂದು ಮೊಳೆಯೂ ಅಲ್ಲಿ ಉಳಿಯಬಾರದು ಎಂದು ಬಂದವಳು ನಾನು. ಆದರೆ ಅವರು ಕಿತ್ತುಕೊಳ್ಳುವುದು ಬೇರೆ, ನಾನು ಕೊಡುವುದು ಬೇರೆ. ಕೊನೆಯ ಬೇವಿನ ಹಲಗೆಯನ್ನೂ ಇಳಿಸಿ, ಕಬ್ಬಿಣದ ಕೈ ಎರಡನ್ನು ಒರೆಸಿ ತೆಗೆದಿಟ್ಟೆ.

"ಏಮ್ಮಾ ಶಾಮಲಾ," ಕದಿರೇಶಪ್ಪ ಗಂಟಲು ಸರಿಮಾಡಿಕೊಂಡರು. "ಹಾಳಾಗಿರೋ ಗೋಡೆಗೆ ಇನ್ನೂ ತೂತಾ? ಇದೆಲ್ಲ ಈಗ ಬೇಕಾ?"

ಅತ್ತೆ ತಿರುಗಿದರು. ಎರಡು ಕೈಯಲ್ಲೂ ಸೆರಗಿನ ಗಂಟು ಹಿಡಿದಿದ್ದರಿಂದ ತಲೆಯ ಮೇಲಿನ ಸೆರಗು ಜಾರಿತು. ಎಳೆದುಕೊಳ್ಳಲಿಲ್ಲ. ಭಾವನ ಮುಖವನ್ನು ನೆಟ್ಟಗೆ ನೋಡಿ ಮಾತಾಡಿದರು. "ಗೋಡೆಗಿರೋದು ಮನೇದು ಅಂದ್ರಲ್ಲ ಭಾವ, ಈ ಮನೇಲಿ ನಾನಿದ್ದೀನಾ ಇಲ್ವಾ? ಅದೊಂದು ತೀರ್ಪು ಹೇಳಿ."

ಕದಿರೇಶಪ್ಪ ಇನ್ನೊಂದು ಮಾವಿನ ಉದಾಹರಣೆ ಹುಡುಕುವವರ ಹಾಗೆ ನರೇಶನ ಕಡೆ ನೋಡಿದರು.

"ಅಮ್ಮಾ, ಸುಮ್ನಿರು!" ನರೇಶ್ ಕೂಗಿ ಮುಂದೆ ಬಂದ.

"ನೋರು ಮುಯ್ಯಿರಾ!" ಅತ್ತೆ ತೆಲುಗಿನಲ್ಲಿ ಗುಡುಗಿದರು, ಬಾಯಿ ಮುಚ್ಚೋ ಎಂದು. ಸಿಟ್ಟು ಬಂದರೆ ಅವರಿಗೆ ತವರಿನ ಭಾಷೆ ಬರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಅವರ ಸಿಟ್ಟನ್ನು ನಾನು ನೋಡಿಯೇ ಇರಲಿಲ್ಲ. ನರೇಶ್ ಒಂದು ಹೆಜ್ಜೆ ಹಿಂದೆ ಸರಿದ.

ನಾನು ಕೊರೆದೆ. ಸುತ್ತ ಗಾರೆ ಬಿದ್ದಿದ್ದರಿಂದ ಗಟ್ಟಿ ಇಟ್ಟಿಗೆ ಹುಡುಕಿ, ಬೆರಳಲ್ಲಿ ಕುಟ್ಟಿ ನೋಡಿ, ಸಮ ನೋಡಿ ಕೊರೆದೆ. ಹೊಸ ಬಿರಡೆ ಹಾಕಿದೆ, ಕಬ್ಬಿಣದ ಕೈ ಕೂರಿಸಿದೆ. ವೆಂಕಟ್ ಹಲಗೆ ಎತ್ತಿ ಹಿಡಿದ. ಅತ್ತೆ ನನ್ನ ಪಕ್ಕದಲ್ಲೇ ಸೆರಗು ತುಂಬಿಕೊಂಡು ನಿಂತಿದ್ದರು, ಅಷ್ಟು ಹತ್ತಿರ ನಾವು ಎಂದೂ ನಿಂತಿರಲಿಲ್ಲ. ಕೊನೆಯ ಸ್ಕ್ರೂಗೆ ಮೆಷಿನ್ನು ಇಟ್ಟವಳು ಒತ್ತಲಿಲ್ಲ. ಕೇಳದೆ ಅದನ್ನು ಹಾಕಲು ನನ್ನಿಂದ ಆಗಲಿಲ್ಲ.

"ಅವತ್ತು ಅವನಿಗೆ ಈ ಮಾತು ಹೇಳ್ಬೇಕಾಗಿತ್ತಲ್ಲ ಅತ್ತೆ? ಅವನು ಹೊಡೀತಿದ್ದಾಗ. ನಂಗ್ಯಾಕೆ ಸುಮ್ನಿರು ಅಂದ್ರಿ?"

ಅತ್ತೆ ನನ್ನನ್ನು ನೋಡಲಿಲ್ಲ. ಹಲಗೆಯನ್ನೇ ನೋಡುತ್ತಿದ್ದರು.

"ಹೇಳ್ಬೇಕಾಗಿತ್ತು. ಹೇಳ್ಲಿಲ್ಲ" ಅಂದರು. "ನೀನು ನನ್ನ ಕ್ಷಮಿಸ್ಬೇಡ ವಾಣಿ. ಬಿಗಿಯಾಗಿ ಹಾಕು."

ನಾನು ಕ್ಷಮಿಸಲಿಲ್ಲ. ಬಿಗಿಯಾಗಿ ಹಾಕಿದೆ.